ಕಂಪ್ಯೂಟರ್ ಬಂದ ಮೇಲೆ ಕೆಲಸ ನಿಜಕ್ಕೂ ಹೆಚ್ಚಾಯ್ತಾ? ಸೇವಾ ವಲಯದ ಉತ್ಪಾದಕತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ಎಲ್ಲಾ ಕಡೆ ಕಂಪ್ಯೂಟರ್ ಬಂತು, ಆದರೂ ಕ್ಯೂ ಯಾಕೆ ಕರಗಲ್ಲ?" ಬಿ.ಕಾಂ. ಹುಡುಗರು ಕೇಳುತ್ತಾರೆ, ಮಂಡಿಪೇಟೆಯ ವ್ಯಾಪಾರಿಗಳೂ ಕೇಳುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜ್ಯಾಕ್ ಟ್ರಿಪ್ಲೆಟ್ ಇದೇ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರ ಸಂಶೋಧನೆಯನ್ನು ಮುಂದಿಟ್ಟುಕೊಂಡು, ನಮ್ಮ ಕಡೆಯ ಎಪಿಎಂಸಿ, ನಾಡಕಚೇರಿ, ದೋಸೆ ಹೋಟೆಲ್ ನೋಡಿಕೊಂಡು ಬರೆದ ಉತ್ತರಗಳು ಇಲ್ಲಿವೆ. ಗಣಿತ ಬೇಕಾಗಿಲ್ಲ.

ಟ್ರಿಪ್ಲೆಟ್ ಅಂದರೆ ಯಾರು?

ಅಮೆರಿಕ ಸರ್ಕಾರದಲ್ಲಿ ಬೆಲೆ ಸೂಚ್ಯಂಕ, ರಾಷ್ಟ್ರೀಯ ಆದಾಯದ ಲೆಕ್ಕ ಹಾಕುವ ಕಚೇರಿಗಳಲ್ಲಿ ದುಡಿದವರು. ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್‌ನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದರು. ಆಮೇಲೆ ವಾಷಿಂಗ್ಟನ್‌ನ ಬ್ರೂಕಿಂಗ್ಸ್ ಸಂಸ್ಥೆ ಸೇರಿ, ಬ್ಯಾರಿ ಬಾಸ್‌ವರ್ತ್ ಜೊತೆ ಸೇವಾ ವಲಯದ ಮೇಲೆ ಕೆಲಸ ಮಾಡಿದರು. ಬ್ಯಾಂಕು, ವಿಮೆ, ಚಿಲ್ಲರೆ ವ್ಯಾಪಾರ ಹೀಗೆ ಒಂದೊಂದೇ ಸೇವೆ ತೆಗೆದುಕೊಂಡು, "ಇಲ್ಲಿ ಉತ್ಪನ್ನ ಅಂದರೆ ಏನು?" ಎಂದು ಕೇಳುವ ಕಾರ್ಯಾಗಾರಗಳನ್ನು ನಡೆಸಿದರು. ಇಬ್ಬರ ಪುಸ್ತಕ 2004ರಲ್ಲಿ ಬಂತು.

ಇವರು ಅಂಕಿ ಅಂಶಗಳನ್ನು ಬರೀ ಬಳಸಿದವರಲ್ಲ, ತಯಾರಾಗುವುದನ್ನು ಒಳಗಿಂದ ನೋಡಿದವರು. ಅವರ ಮಾತಿಗೆ ತೂಕ ಬಂದಿದ್ದೇ ಅಲ್ಲಿಂದ.

ಉತ್ಪಾದಕತೆ ಅಂದರೆ ಲಾಭವೇ?

ಅಲ್ಲ. ಬೆಲೆ ಏರಿಸಿಯೂ ಲಾಭ ಮಾಡಬಹುದಲ್ವಾ? ಒಬ್ಬ ಮನುಷ್ಯ ಒಂದು ಗಂಟೆ ದುಡಿದರೆ ಎಷ್ಟು ಕೆಲಸ ಹೊರಬೀಳುತ್ತದೆ ಅನ್ನುವುದು ದುಡಿಮೆಯ ಉತ್ಪಾದಕತೆ. ಅದನ್ನು ಹೆಚ್ಚಿಸಲು ಒಂದು ದಾರಿ ಅವನ ಕೈಗೆ ಜಾಸ್ತಿ ಯಂತ್ರ ಕೊಡುವುದು. ಇನ್ನೊಂದು, ಇದ್ದ ಜನ, ಇದ್ದ ಯಂತ್ರದಲ್ಲೇ ಕೆಲಸದ ಕ್ರಮ ಬದಲಿಸಿ ಜಾಸ್ತಿ ತೆಗೆಯುವುದು. ಈ ಎರಡನೆಯದಕ್ಕೆ ಬಹು ಅಂಶ ಉತ್ಪಾದಕತೆ ಎಂಬ ಭಾರದ ಹೆಸರಿದೆ. ಹೆಸರು ಮರೆತರೂ ಪರವಾಗಿಲ್ಲ, ಎರಡರ ವ್ಯತ್ಯಾಸ ಮಾತ್ರ ನೆನಪಿರಲಿ.

ಕಂಪ್ಯೂಟರ್ ಬಂದರೂ ಲೆಕ್ಕದಲ್ಲಿ ಕಾಣಲಿಲ್ಲ ಎಂದವರು ಯಾರು?

ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ. 1987ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಪುಸ್ತಕ ವಿಮರ್ಶೆಯಲ್ಲಿ ಒಂದು ಸಾಲು ಹಾಕಿದರು. ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ ಅಂಕಿ ಅಂಶಗಳಲ್ಲಿ ಮಾತ್ರ ಕಾಣುವುದಿಲ್ಲ ಎಂದು. ಅದೇ ವರ್ಷ ಅವರಿಗೆ ನೊಬೆಲ್ ಬಂತು. ಆ ಸಾಲಿಗೆ "ಸೋಲೋ ವಿರೋಧಾಭಾಸ" ಎಂದೇ ಹೆಸರಾಯಿತು.

ಅದಕ್ಕೆ ಜನ ಕೊಡುತ್ತಿದ್ದ ಏಳು ವಿವರಣೆಗಳನ್ನು ಟ್ರಿಪ್ಲೆಟ್ 1999ರ ಒಂದು ಲೇಖನದಲ್ಲಿ ಒಂದೊಂದಾಗಿ ಜಾಲಿಸಿದರು. ಕೆಲವು ನಿಂತವು, ಕೆಲವು ಉದುರಿದವು. ಕಂಪ್ಯೂಟರ್ ಕಣ್ಣಿಗೆ ಎಲ್ಲೆಲ್ಲೂ ಬಿದ್ದರೂ ದೇಶದ ಒಟ್ಟು ಬಂಡವಾಳದಲ್ಲಿ ಅದರ ಪಾಲು ಆಗ ಚಿಕ್ಕದು ಎನ್ನುವ ವಾದ ನಿಲ್ಲುವಂಥದ್ದು. ಕಂಪ್ಯೂಟರ್ ಜಾಸ್ತಿ ಹೋಗಿದ್ದು ಬ್ಯಾಂಕು, ಸಗಟು ವ್ಯಾಪಾರದಂಥ ಕಡೆಗೆ, ಅಲ್ಲೇ ಉತ್ಪನ್ನ ಅಳೆಯುವುದು ಕಷ್ಟ ಎನ್ನುವುದೂ ಹಾಗೆಯೇ. ಆದರೆ "ಈಗ ಹೊಸ ಹೊಸ ವಸ್ತುಗಳು ಎಷ್ಟೊಂದು ಬರುತ್ತಿವೆ, ಅದೆಲ್ಲ ಲೆಕ್ಕಕ್ಕೆ ಸಿಗುತ್ತಿಲ್ಲ" ಎನ್ನುವ ಮಾತನ್ನು ಅವರು ಸುಮ್ನೆ ಒಪ್ಪಲಿಲ್ಲ. ಹೊಸ ವಸ್ತುಗಳು ಹಿಂದೆಯೂ ಬರುತ್ತಿದ್ದವು. ಬರುವ ವೇಗ ಹೆಚ್ಚಿದೆ ಎಂದು ತೋರಿಸಿದರೆ ಮಾತ್ರ ವಾದಕ್ಕೆ ಬಲ. ಈ ಒಂದು ತಕರಾರಿಗಾಗಿಯಾದರೂ ಆ ಲೇಖನ ಓದಬೇಕು ಅನ್ನುವವನು ನಾನು.

ಸೇವಾ ವಲಯಕ್ಕೆ "ಕಾಯಿಲೆ" ಇದೆ ಅನ್ನುತ್ತಾರಲ್ಲ, ಅದೇನು?

ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೋಲ್ 1960ರ ದಶಕದಲ್ಲಿ, ವಿಲಿಯಂ ಬೋವೆನ್ ಜೊತೆಗೂಡಿ ಹೇಳಿದ್ದು. ನಾಲ್ಕು ಜನ ಕೂತು ನುಡಿಸುವ ಸಂಗೀತಕ್ಕೆ ಇವತ್ತಿಗೂ ನಾಲ್ಕೇ ಜನ ಬೇಕು, ಅಷ್ಟೇ ಹೊತ್ತು ಬೇಕು. ಕಾರ್ಖಾನೆಯಲ್ಲಿ ಹಾಗಲ್ಲ, ವರ್ಷ ವರ್ಷಕ್ಕೂ ಕಡಿಮೆ ಜನ ಜಾಸ್ತಿ ಮಾಲು ತೆಗೆಯುತ್ತಾರೆ.

ನಮ್ಮೂರಲ್ಲೇ ನೋಡಿ. ಬೆಣ್ಣೆ ದೋಸೆ ಹೋಟೆಲಿನ ಕಾವಲಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಹಿಟ್ಟು ಹುಯ್ಯಬೇಕು, ಬೆಣ್ಣೆ ಹಾಕಬೇಕು, ಬೇಯುವವರೆಗೆ ಕಾಯಬೇಕು. ಕಾವಲಿ ಹಿಡಿಸಿದಷ್ಟೇ ದೋಸೆ. ಯಾವ ಸಾಫ್ಟ್‌ವೇರೂ ಅದನ್ನು ಬೇಗ ಬೇಯಿಸಲ್ಲ. ಆದರೆ ಭಟ್ಟರ ಸಂಬಳ ಮಾತ್ರ ಬೇರೆ ಕಡೆಯ ಸಂಬಳದ ಜೊತೆ ಏರಲೇಬೇಕು, ಇಲ್ಲದಿದ್ದರೆ ಅವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹಾಗಾಗಿ ಟಿವಿ, ಮೊಬೈಲು ಅಗ್ಗವಾಗುತ್ತಾ ಹೋದರೂ ದೋಸೆ, ಕ್ಷೌರ, ಟ್ಯೂಷನ್ ಫೀಸು ತುಟ್ಟಿಯಾಗುತ್ತಾ ಹೋಗುತ್ತವೆ. ಇದೇ ಬೌಮೋಲ್ ಹೇಳಿದ ಕಾಯಿಲೆ, ಯಾರ ತಪ್ಪೂ ಇಲ್ಲ.

ಟ್ರಿಪ್ಲೆಟ್ ಮತ್ತು ಬಾಸ್‌ವರ್ತ್ ಕಂಡುಕೊಂಡಿದ್ದೇನು?

1995ರ ನಂತರ ಅಮೆರಿಕದಲ್ಲಿ ಉತ್ಪಾದಕತೆ ಚುರುಕಾಯಿತು. ಅದು ಕಂಪ್ಯೂಟರ್ ತಯಾರಿಸುವ ಕಾರ್ಖಾನೆಗಳ ಕರಾಮತ್ತು ಮಾತ್ರ ಎಂದು ಕೆಲವರು ವಾದಿಸಿದರು. ಇವರಿಬ್ಬರೂ ಒಂದೊಂದೇ ಉದ್ಯಮದ ಲೆಕ್ಕ ಬಿಚ್ಚಿ ನೋಡಿದಾಗ ಬೇರೆಯೇ ಕಂಡಿತು. ಸೇವೆಗಳಲ್ಲಿ ದುಡಿಮೆಯ ಉತ್ಪಾದಕತೆ ಸರಕು ತಯಾರಿಸುವ ಉದ್ಯಮಗಳಿಗೆ ಸರಿಸಮನಾಗಿ ಏರಿತ್ತು. ಚಿಲ್ಲರೆ ವ್ಯಾಪಾರ, ಸಗಟು ವ್ಯಾಪಾರ, ಷೇರು ದಲ್ಲಾಳಿ ಸೇವೆ ಮುಂದಿದ್ದವು.

ಇನ್ನೂ ಮುಖ್ಯವಾದದ್ದು ಒಂದಿದೆ. ಏರಿಕೆಗೆ ಕಾರಣ ಬರೀ ಹೊಸ ಯಂತ್ರಗಳಲ್ಲ. ಮೇಲೆ ಹೇಳಿದ ಎರಡನೇ ದಾರಿ, ಅಂದರೆ ಕೆಲಸದ ಕ್ರಮ ಬದಲಾಗಿದ್ದರ ಪಾಲೂ ದೊಡ್ಡದಿತ್ತು. ಯಂತ್ರ ಕೊಂಡವರೆಲ್ಲ ಗೆಲ್ಲಲಿಲ್ಲ ಅನ್ನುವುದು ಇದರಲ್ಲೇ ಅಡಗಿದೆ.

"ಬೌಮೋಲ್ ಕಾಯಿಲೆ ವಾಸಿಯಾಯಿತು" ಎಂದರಂತೆ. ಅತಿ ಆಗಲಿಲ್ವಾ?

ಸ್ವಲ್ಪ ಅತಿಯೇ. ಅದು ಅವರ 2003ರ ಲೇಖನದ ತಲೆಬರಹದ ಮಾತು. ಆದರೆ 2000ದ ದಶಕದ ಮಧ್ಯದ ನಂತರ ಅಮೆರಿಕದ ಉತ್ಪಾದಕತೆ ಮತ್ತೆ ನಿಧಾನವಾಯಿತು. ಬೌಮೋಲ್ ಕೂಡ ಎಲ್ಲ ಸೇವೆಗಳೂ ಎಂದೆಂದಿಗೂ ಹೀಗೇ ಎಂದು ಹೇಳಿರಲಿಲ್ಲ. ವ್ಯಾಪಾರ, ದೂರವಾಣಿ, ಬ್ಯಾಂಕಿಗೆ ಔಷಧಿ ಸಿಕ್ಕಿತು. ಪಾಠ, ಆರೈಕೆ, ದೋಸೆಗೆ ಇನ್ನೂ ಸಿಕ್ಕಿಲ್ಲ. ನನ್ನ ಮಟ್ಟಿಗೆ ಲೇಖನದೊಳಗಿನ ಲೆಕ್ಕ ಗಟ್ಟಿ, ತಲೆಬರಹ ಜೋರು.

ಸೇವೆಯನ್ನು ಅಳೆಯುವುದು ಅಷ್ಟೊಂದು ಕಷ್ಟ ಯಾಕೆ?

ಇಡೀ ಸಂಶೋಧನೆಯ ಜೀವ ಇರುವುದು ಈ ಪ್ರಶ್ನೆಯಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಉತ್ಪನ್ನ ಡಬ್ಬದಲ್ಲಿ ಇರುತ್ತದೆ, ತೂಗಬಹುದು. ಬ್ಯಾಂಕಿನ ಉತ್ಪನ್ನ ಏನು? ಚೆಕ್ಕುಗಳ ಸಂಖ್ಯೆಯೇ, ಸಾಲದ ಮೊತ್ತವೇ? ರಾತ್ರಿ ಹನ್ನೊಂದಕ್ಕೆ ಎಟಿಎಂನಿಂದ ಎರಡು ಸಾವಿರ ತೆಗೆದರೆ, ಅದು ಹಗಲು ಕೌಂಟರಿನಲ್ಲಿ ಚೀಟಿ ಬರೆದು ತೆಗೆದ ಎರಡು ಸಾವಿರಕ್ಕೆ ಸಮವೇ? ಗಿರಾಕಿಗೆ ಅಲ್ಲ. ಲೆಕ್ಕದ ಪುಸ್ತಕಕ್ಕೆ ಹೌದು.

ಆಸ್ಪತ್ರೆಯದು ಇನ್ನೂ ಗೋಜಲು. ಕಣ್ಣಿನ ಪೊರೆಯ ಆಪರೇಷನ್ ತೆಗೆದುಕೊಳ್ಳಿ. ಹಿಂದೆ ಅಜ್ಜಂದಿರು ದಿನಗಟ್ಟಲೆ ತಲೆ ಅಲ್ಲಾಡಿಸದೆ ಮಲಗಬೇಕಿತ್ತು, ಆಮೇಲೆ ಸೋಡಾಬುಡ್ಡಿ ಕನ್ನಡಕ. ಈಗ ಕಣ್ಣೊಳಗೇ ಲೆನ್ಸ್ ಕೂರಿಸಿ ಅವತ್ತೇ ಮನೆಗೆ ಕಳಿಸುತ್ತಾರೆ. ಉತ್ಪನ್ನ ಅಂದರೆ "ಆಸ್ಪತ್ರೆಯಲ್ಲಿ ಕಳೆದ ದಿನ" ಎಂದು ಲೆಕ್ಕ ಹಿಡಿದರೆ ಉತ್ಪನ್ನ ಕುಸಿಯಿತು, ದಿನದ ದರ ಏರಿತು ಎಂದಾಗುತ್ತದೆ. "ಕಣ್ಣು ಕಾಣುವಂತಾದ ರೋಗಿ" ಎಂದು ಹಿಡಿದರೆ ಕಥೆಯೇ ಉಲ್ಟಾ. ರೋಗಿ ಅದೇ, ಡಾಕ್ಟರೂ ಅವರೇ. ಅಳತೆ ಬದಲಾಯಿತು, ಅಷ್ಟೇ.

ಶಿಕ್ಷಣ, ಆರೋಗ್ಯದಂಥ ಕಡೆ ಉತ್ಪಾದಕತೆ ವರ್ಷ ವರ್ಷಕ್ಕೂ ಇಳಿಯುತ್ತಿದೆ ಎಂದು ಅಮೆರಿಕದ ಅಂಕಿಗಳು ತೋರಿಸುತ್ತಿದ್ದವು. ವೈದ್ಯರು, ಮೇಷ್ಟ್ರುಗಳು ಇದ್ದಕ್ಕಿದ್ದಂತೆ ದಡ್ಡರಾಗಿರಲಿಕ್ಕಿಲ್ಲ. ಅಳತೆಗೋಲನ್ನೇ ಮೊದಲು ಅನುಮಾನಿಸಿ ಎಂದರು ಟ್ರಿಪ್ಲೆಟ್ ಮತ್ತು ಬಾಸ್‌ವರ್ತ್.

ಕಂಪ್ಯೂಟರಿನ ಬೆಲೆ ಅಳೆಯುವುದರಲ್ಲೂ ತಕರಾರು ಇತ್ತಂತೆ?

ಇತ್ತು. ಹೋದ ವರ್ಷದ ಬೆಲೆಗೇ ಈ ವರ್ಷ ದುಪ್ಪಟ್ಟು ವೇಗದ ಯಂತ್ರ ಸಿಕ್ಕರೆ ಬೆಲೆ ಇಳಿದಂತೆಯೇ. ವೇಗ, ಮೆಮೊರಿಯಂಥ ಗುಣಗಳಿಗೆ ಬೇರೆ ಬೇರೆ ಬೆಲೆ ಕಟ್ಟಿ ಇದನ್ನು ಹಿಡಿಯುವ ವಿಧಾನಕ್ಕೆ ಹೆಡಾನಿಕ್ ಎಂದು ಹೆಸರು. 1985ರಲ್ಲಿ ಅಮೆರಿಕ ಇದನ್ನು ಕಂಪ್ಯೂಟರ್ ಬೆಲೆಗೆ ಅಳವಡಿಸಿತು. ಟ್ರಿಪ್ಲೆಟ್ ಈ ವಿಧಾನದಲ್ಲಿ ಪಳಗಿದವರು, ಮುಂದುವರಿದ ದೇಶಗಳ ಆರ್ಥಿಕ ಒಕ್ಕೂಟವಾದ ಒಇಸಿಡಿಗಾಗಿ ಇದರ ಕೈಪಿಡಿಯನ್ನೂ ಬರೆದರು.

ಕಂಪ್ಯೂಟರ್ ಕೊಂಡ ತಕ್ಷಣ ಫಲ ಯಾಕೆ ಸಿಗಲ್ಲ?

ಪಾಲ್ ಡೇವಿಡ್ ಎಂಬ ಆರ್ಥಿಕ ಇತಿಹಾಸಕಾರ 1990ರಲ್ಲಿ ಇದಕ್ಕೆ ವಿದ್ಯುತ್ತಿನ ಕಥೆ ಹೇಳಿದರು. ಎಡಿಸನ್ ಕಂಪನಿ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ. ಕಾರ್ಖಾನೆಗಳ ಉತ್ಪಾದಕತೆ ಜಿಗಿದದ್ದು 1920ರ ದಶಕದಲ್ಲಿ. ನಡುವೆ ನಲವತ್ತು ವರ್ಷ!

ಕಾರಣ ಇಷ್ಟೇ. ಮೊದಲು ಒಂದು ದೊಡ್ಡ ಹಬೆ ಯಂತ್ರ ಇರುತ್ತಿತ್ತು. ಅದರಿಂದ ಉದ್ದನೆಯ ಶಾಫ್ಟು, ಶಾಫ್ಟಿನಿಂದ ಬೆಲ್ಟುಗಳು, ಬೆಲ್ಟಿನಿಂದ ಪ್ರತಿ ಯಂತ್ರಕ್ಕೂ ಶಕ್ತಿ. ಕಟ್ಟಡ ಕಟ್ಟಿದ್ದೇ ಈ ಶಾಫ್ಟಿನ ಅನುಕೂಲಕ್ಕೆ ತಕ್ಕಂತೆ. ವಿದ್ಯುತ್ ಬಂದಾಗ ಮಾಲೀಕರು ಹಬೆ ಯಂತ್ರ ತೆಗೆದು ಅದರ ಜಾಗದಲ್ಲಿ ಮೋಟರ್ ಕೂರಿಸಿದರು. ಶಾಫ್ಟು ಹಾಗೇ ಉಳಿಯಿತು, ಬೆಲ್ಟೂ ಉಳಿಯಿತು. ಪ್ರತಿ ಯಂತ್ರಕ್ಕೂ ಅದರದೇ ಸಣ್ಣ ಮೋಟರ್ ಹಾಕಿ, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಯಂತ್ರ ಜೋಡಿಸಿದ ಮೇಲೆಯೇ ಫಲ ಬಂದದ್ದು. ಕಾಟನ್ ಮಿಲ್ಲುಗಳನ್ನು ಕಂಡ ದಾವಣಗೆರೆಯಲ್ಲಿ ಈ ಕಥೆ ಹೇಳಿದರೆ ಹಳಬರಿಗೆ ಎರಡು ಸಲ ವಿವರಿಸಬೇಕಾಗಿಲ್ಲ.

ಈಗ ಯಾವುದಾದರೂ ಸಂಘದ ಕಚೇರಿಗೆ ಹೋಗಿ. ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲೇ ಕೆಂಪು ಬಟ್ಟೆಯ ಲೆಡ್ಜರ್. ಮೊದಲು ಪುಸ್ತಕದಲ್ಲಿ ಬರೆಯುತ್ತಾರೆ, ಆಮೇಲೆ ಪುಸ್ತಕ ನೋಡಿ ಟೈಪ್ ಮಾಡುತ್ತಾರೆ, ಪ್ರಿಂಟ್ ತೆಗೆದು ಫೈಲಿಗೆ ಹಾಕುತ್ತಾರೆ. ಒಂದು ಕೆಲಸ ಮೂರಾಯಿತು. ಎಷ್ಟು ಕಂಪ್ಯೂಟರ್ ಬಂದವು ಎಂದು ಕೇಳುವುದಕ್ಕಿಂತ ಯಾವ ಕೆಲಸ ನಿಲ್ಲಿಸಿದಿರಿ ಎಂದು ಕೇಳಿದರೆ ಆ ಕಚೇರಿಯ ಉತ್ಪಾದಕತೆ ಅರ್ಧ ಗೊತ್ತಾಗುತ್ತದೆ.

ಹಳೆಯದನ್ನು ನಿಜಕ್ಕೂ ನಿಲ್ಲಿಸಿದ ಉದಾಹರಣೆ ನಮ್ಮಲ್ಲಿದೆಯಾ?

ಪಹಣಿ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅದಕ್ಕೆ ಮುಂಚೆ ರೈತರು ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ತಿರುಗಬೇಕಿತ್ತು. ಅವರು ಸಿಕ್ಕಿದ ದಿನ, ಅವರ ಕೈಬರಹದಲ್ಲಿ ಬರೆದುಕೊಟ್ಟದ್ದೇ ಪಹಣಿ. ಸರ್ಕಾರ ಮಾಡಿದ ಜಾಣ ಕೆಲಸ ಕಂಪ್ಯೂಟರ್ ಹಾಕಿದ್ದಲ್ಲ, ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಆದೇಶ ಹೊರಡಿಸಿದ್ದು. ಹಳೇ ದಾರಿ ಮುಚ್ಚಿತು, ಹೊಸ ದಾರಿಗೆ ಬರದೇ ವಿಧಿಯಿಲ್ಲ.

ಆದರೆ ಇದರ ಲಾಭ ಉತ್ಪಾದಕತೆಯ ಅಂಕಿಯಲ್ಲಿ ಹುಡುಕಿದರೆ ಸಿಗಲ್ಲ. ಸರ್ಕಾರಿ ಸೇವೆಯ ಉತ್ಪನ್ನವನ್ನು ರಾಷ್ಟ್ರೀಯ ಲೆಕ್ಕದಲ್ಲಿ ಹೆಚ್ಚಾಗಿ ಅದಕ್ಕೆ ತಗುಲಿದ ಖರ್ಚಿನಿಂದಲೇ ಅಳೆಯುತ್ತಾರೆ, ಮುಖ್ಯವಾಗಿ ಸಂಬಳ. ಜಗಳೂರಿನ ರೈತನಿಗೆ ಉಳಿದ ಒಂದು ದಿನ ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಎಪಿಎಂಸಿಯ ಆನ್‌ಲೈನ್ ಟೆಂಡರ್‌ನಿಂದ ರೈತರಿಗೆ ಲಾಭ ಆಯ್ತಾ?

ಇದಕ್ಕೆ ಒಳ್ಳೆಯ ಪುರಾವೆ ಇದೆ, ಅದೂ ನಮ್ಮ ಬೆಳೆಗಳ ಮೇಲೆ. ಕರ್ನಾಟಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿತು. ಅದಕ್ಕೆ ಮುಂಚೆ ಖರೀದಿದಾರರು ರಾಶಿ ನೋಡಿ, ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಹೊಸ ಕ್ರಮದಲ್ಲಿ ಗೇಟಿನಲ್ಲೇ ಪ್ರತಿ ಲಾಟಿಗೆ ನಂಬರ್ ಬೀಳುತ್ತದೆ. ದರ ಹಾಕುವುದು ಕಂಪ್ಯೂಟರಿನಲ್ಲಿ. ಹೊತ್ತು ಮುಗಿದ ಮೇಲೆ ಹೆಚ್ಚು ದರ ಯಾರದು ಎಂದು ಅದೇ ಹೇಳುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತರು ಬೇಡ ಅನ್ನಬಹುದು. ಆಮೇಲೆ ಹಮಾಲರ ಕೆಲಸ, ತೂಕ, ಬಿಲ್ಲು.

ರೆತ್ಸೆಫ್ ಲೆವಿ, ಮನೋಜ್ ರಾಜನ್ ಮತ್ತು ಇನ್ನಿಬ್ಬರು ಇದನ್ನು ಅಧ್ಯಯನ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ ಲೆಕ್ಕದಲ್ಲಿ ಭತ್ತದ ದರ ಶೇ. 5.1, ಶೇಂಗಾ ಶೇ. 3.6, ಮೆಕ್ಕೆಜೋಳ ಶೇ. 3.5ರಷ್ಟು ಹೆಚ್ಚಾಗಿತ್ತು. ಭದ್ರಾ ಕಾಲುವೆಯ ಭತ್ತ, ದಾವಣಗೆರೆಯ ಮೆಕ್ಕೆಜೋಳ, ಚಳ್ಳಕೆರೆಯ ಶೇಂಗಾ! ಪಟ್ಟಿ ನಮಗೇ ಮಾಡಿದಂತಿದೆ. ಐದು ಪರ್ಸೆಂಟ್ ಯಾವ ಮಹಾ ಎನ್ನಬೇಡಿ. ಖರ್ಚು ಕಳೆದು ರೈತರ ಕೈಯಲ್ಲಿ ಉಳಿಯುವುದೇ ಕಡಿಮೆ, ಹಾಗಾಗಿ ದರದಲ್ಲಿ ಸ್ವಲ್ಪ ಏರಿದರೂ ಉಳಿಕೆಯಲ್ಲಿ ಬಹಳ.

ಆದರೆ ಹತ್ತಿ, ಹೆಸರು, ತೊಗರಿಯಲ್ಲಿ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಸಾಗಾಟದ ತೊಂದರೆ, ದರ ಕೂಗುವ ರೀತಿ, ಖರೀದಿದಾರರು ಎಷ್ಟು ಜನ ಇದ್ದಾರೆ ಎನ್ನುವುದೆಲ್ಲ ಸೇರಿ ಬೆಳೆಯಿಂದ ಬೆಳೆಗೆ ವ್ಯತ್ಯಾಸ ಮಾಡುತ್ತವೆ. ಕೊಳ್ಳುವವರು ನಾಲ್ಕೇ ಜನ, ಅವರೂ ಸಂಜೆ ಒಟ್ಟಿಗೆ ಚಹಾ ಕುಡಿಯುವವರಾದರೆ, ಪರದೆ ಎಷ್ಟು ದೊಡ್ಡದಿದ್ದರೇನು?

ಇಲ್ಲೂ ಅಳತೆಯ ಚೇಷ್ಟೆ ಇದೆ. ವ್ಯಾಪಾರ ಸೇವೆಯ ಉತ್ಪನ್ನವನ್ನು ಕೊಂಡ ಬೆಲೆ, ಮಾರಿದ ಬೆಲೆಯ ನಡುವಿನ ಅಂತರದಿಂದ ಲೆಕ್ಕ ಹಾಕುತ್ತಾರೆ. ಪೈಪೋಟಿಯಿಂದ ಆ ಅಂತರ ಕಿರಿದಾಗಿ ರೈತರಿಗೆ ಜಾಸ್ತಿ ಹೋದರೆ, ವ್ಯಾಪಾರದ ಉತ್ಪನ್ನ ಕಡಿಮೆಯಾದಂತೆ ಕಾಣಬಹುದು.

ಕ್ಯೂಆರ್ ಕೋಡ್‌ನಿಂದ ಅಂಗಡಿಗಳ ಉತ್ಪಾದಕತೆ ಹೆಚ್ಚಿತಾ?

ಚಿಲ್ಲರೆ ತಂಟೆ ತಪ್ಪಿತು, ಅದಂತೂ ನಿಜ. ಯುಪಿಐ ಶುರುವಾದದ್ದು 2016ರಲ್ಲಿ. ಖಾರ ಮಂಡಕ್ಕಿ, ಮಿರ್ಚಿ ಮಾರುವ ಗಾಡಿಯವರು ಈಗ ಎಣ್ಣೆ ಕೈಯಲ್ಲಿ ನೋಟು ಮುಟ್ಟಬೇಕಾಗಿಲ್ಲ, ಸೌಂಡ್‌ಬಾಕ್ಸ್ ಕೂಗಿದರೆ ಆಯಿತು. ಮಿರ್ಚಿ ಕರಿಯುವ ವೇಗ ಮಾತ್ರ ಬಾಣಲೆಯದೇ. ಹಣ ಪಡೆಯಲು ಅಂಗಡಿಯವರು ಸಾಮಾನ್ಯವಾಗಿ ಶುಲ್ಕ ಕೊಡುವುದಿಲ್ಲ. ಪುಕ್ಕಟೆ ಸಿಗುವ ಸೇವೆ ರಾಷ್ಟ್ರೀಯ ಲೆಕ್ಕದಲ್ಲಿ ಅಷ್ಟಾಗಿ ಕಾಣುವುದೂ ಇಲ್ಲ.

ಕೆಲಸ ಹೋಗುತ್ತಾ?

ಕೆಲವು ಹೋಗುತ್ತವೆ, ಆದರೆ ನಾವು ಅಂದುಕೊಂಡವೇ ಹೋಗಬೇಕೆಂದಿಲ್ಲ. ಅಮೆರಿಕದಲ್ಲಿ ಎಟಿಎಂ ಬಂದಾಗ ಕ್ಯಾಷಿಯರ್‌ಗಳ ಕಥೆ ಮುಗಿಯಿತು ಎಂದರು. ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸ್ಸನ್ ಲೆಕ್ಕ ಹಾಕಿದಾಗ, 1988ರಿಂದ 2004ರ ನಡುವೆ ನಗರದ ಒಂದು ಶಾಖೆಗೆ ಬೇಕಾದ ಕ್ಯಾಷಿಯರ್‌ಗಳು ಸುಮಾರು 20ರಿಂದ 13ಕ್ಕೆ ಇಳಿದಿದ್ದರು. ಶಾಖೆ ನಡೆಸುವುದು ಅಗ್ಗವಾದ್ದರಿಂದ ಬ್ಯಾಂಕುಗಳು ಹೊಸ ಶಾಖೆ ತೆರೆದವು, ಒಟ್ಟು ಕ್ಯಾಷಿಯರ್‌ಗಳು ಕಡಿಮೆಯಾಗಲಿಲ್ಲ. ಮೊಬೈಲ್ ಬ್ಯಾಂಕಿಂಗ್ ಬಂದ ಮೇಲಿನ ಕಥೆ ಬೇರೆ. ನಮ್ಮಲ್ಲೂ 1984ರ ರಂಗರಾಜನ್ ಸಮಿತಿ ಬ್ಯಾಂಕುಗಳಿಗೆ ಯಂತ್ರ ತರಲು ಹೇಳಿದ ಕಾಲದಲ್ಲಿ ನೌಕರರ ಸಂಘಗಳ ವಿರೋಧ ಜೋರಾಗಿತ್ತು. ನಿವೃತ್ತ ಬ್ಯಾಂಕ್ ನೌಕರರು ಸಿಕ್ಕರೆ ಕೇಳಿ, ಒಳ್ಳೇ ಕಥೆಗಳಿವೆ.

ದಾವಣಗೆರೆಗೆ ಐಟಿ ಪಾರ್ಕ್ ಬಂದರೆ ಎಲ್ಲ ಸರಿಹೋಗುತ್ತಲ್ವಾ?

ಬರಲಿ, ಬೇಡ ಅನ್ನುವವರು ಯಾರು? ಆದರೆ ಈ ಸಂಶೋಧನೆ ಬೆರಳು ತೋರಿಸುವುದು ಬೇರೆ ಕಡೆಗೆ. ಅಮೆರಿಕದ ಏರಿಕೆಯಲ್ಲಿ ತಂತ್ರಜ್ಞಾನ ತಯಾರಿಸುವವರಷ್ಟೇ ಅಲ್ಲ, ಬಳಸುವವರ ಪಾಲೂ ದೊಡ್ಡದು. ನಮ್ಮೂರಲ್ಲಿ ಬಳಸುವವರು ಯಾರು? ಸಗಟು ಅಂಗಡಿ, ಆಸ್ಪತ್ರೆ, ಮೆಡಿಕಲ್ ಸ್ಟೋರು, ಲಾರಿ ಬುಕಿಂಗ್ ಆಫೀಸು, ಭೀಮಸಮುದ್ರದ ಅಡಿಕೆ ವ್ಯಾಪಾರ. ಭಾರತದ ಉತ್ಪನ್ನದಲ್ಲಿ ಅರ್ಧಕ್ಕಿಂತ ಹೆಚ್ಚು ಸೇವೆಗಳದು, ಆದರೆ ದುಡಿಯುವ ಜನರಲ್ಲಿ ಮೂರನೇ ಒಂದು ಭಾಗದಷ್ಟೂ ಸೇವೆಗಳಲ್ಲಿ ಇಲ್ಲ. ಆ ಜನರಲ್ಲೂ ಸಾಫ್ಟ್‌ವೇರ್‌ನವರು ಸ್ವಲ್ಪವೇ. ಪಾರ್ಕಿನ ಗುದ್ದಲಿ ಪೂಜೆಗೆ ಫೋಟೋ ಬರುತ್ತದೆ. ಗೋದಾಮಿನ ಸ್ಟಾಕ್ ಲೆಕ್ಕ ಸರಿಯಾದರೆ ಫೋಟೋ ತೆಗೆಯಲು ಯಾರೂ ಬರಲ್ಲ.

ಕೃತಕ ಬುದ್ಧಿಮತ್ತೆಯೂ ಹೀಗೇನಾ?

ಮೊದಲ ಸುಳಿವುಗಳು ಸಿಕ್ಕಿವೆ. ಎರಿಕ್ ಬ್ರಿನ್‌ಯೋಲ್ಫ್‌ಸನ್ ಮತ್ತು ಸಂಗಡಿಗರು ಗ್ರಾಹಕ ಸೇವೆಯ ಐದು ಸಾವಿರಕ್ಕೂ ಹೆಚ್ಚು ಸಿಬ್ಬಂದಿಯ ಕೆಲಸ ನೋಡಿ 2023ರಲ್ಲಿ ವರದಿ ಮಾಡಿದರು. ಕೃತಕ ಬುದ್ಧಿಮತ್ತೆಯ ನೆರವು ಸಿಕ್ಕ ಮೇಲೆ ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಶೇ. 14ರಷ್ಟು ಹೆಚ್ಚಾದವು. ಹೊಸಬರಿಗೆ ಲಾಭ ಬಹಳ, ಪಳಗಿದವರಿಗೆ ಅಷ್ಟಕ್ಕಷ್ಟೆ. ಒಂದು ಕಂಪನಿಯ ಲೆಕ್ಕ ಇಡೀ ದೇಶದ ಲೆಕ್ಕವಾಗಲು ಎಷ್ಟು ವರ್ಷ ಬೇಕು ಎನ್ನುವುದಕ್ಕೆ ಮೋಟರಿನ ಕಥೆ ಮೇಲೆಯೇ ಇದೆ.

ಎಂ.ಎ. ಪ್ರಾಜೆಕ್ಟಿಗೆ ಇದನ್ನು ಇಲ್ಲೇ ಅಧ್ಯಯನ ಮಾಡಬಹುದಾ?

ಮಾಡಬಹುದು, ಆದರೆ ಜಿಲ್ಲಾ ಉತ್ಪನ್ನದ ಅಂಕಿ ಹಿಡಿದು ಹೊರಡಬೇಡಿ. ಅದರಲ್ಲಿ ಬಹುಪಾಲು ಸೇವೆಗಳ ಲೆಕ್ಕ ರಾಜ್ಯದ ಮೊತ್ತವನ್ನು ಜಿಲ್ಲೆಗಳಿಗೆ ಹಂಚಿ ಬಂದದ್ದು. ಗಡಿಯ ತಾಪತ್ರಯ ಬೇರೆ. ದಾವಣಗೆರೆ 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಯಿತು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಹರಪನಹಳ್ಳಿ ಬಳ್ಳಾರಿಯಿಂದ ಬಂದು 2018ರಲ್ಲಿ ವಾಪಸ್ ಹೋಯಿತು. ಇದನ್ನು ಮರೆತು ಗ್ರಾಫ್ ಎಳೆದರೆ ಉತ್ಪಾದಕತೆ ಕುಸಿದಂತೆ ಕಾಣುತ್ತದೆ, ಕುಸಿದಿರುವುದು ನಕ್ಷೆ.

ಅದರ ಬದಲು ಒಂದೇ ಬಗೆಯ ಕೆಲವು ಅಂಗಡಿ ಆರಿಸಿಕೊಳ್ಳಿ. ಮೆಡಿಕಲ್ ಸ್ಟೋರ್ ಒಳ್ಳೆಯದು: ಬಿಲ್ಲಿಂಗ್ ಸಾಫ್ಟ್‌ವೇರ್ ಇರುವವರೂ ಸಿಗುತ್ತಾರೆ, ಬಿಲ್ ಬುಕ್ಕಿನವರೂ ಸಿಗುತ್ತಾರೆ. ಸಂಜೆಯ ಗಿರಾಕಿ ಹೊತ್ತಿನಲ್ಲಿ ಗಂಟೆಗೆ ಎಷ್ಟು ಬಿಲ್ಲು, ಕೌಂಟರಿನಲ್ಲಿ ಎಷ್ಟು ಜನ ಎಂದು ಎಣಿಸಿ. "ಇಲ್ಲ" ಎಂದು ವಾಪಸ್ ಕಳಿಸಿದ ಚೀಟಿಗಳೆಷ್ಟು, ಎಕ್ಸ್‌ಪೈರಿ ಆಗಿ ಕಂಪನಿಗೆ ಮರಳಿಸಿದ ಮಾಲೆಷ್ಟು ಎಂದು ಕೇಳಿ. ಬಿಲ್ಲಿನ ಸಂಖ್ಯೆಯಷ್ಟೇ ನೋಡಿದರೆ ಎರಡೂ ಬಗೆಯ ಅಂಗಡಿಗಳಲ್ಲಿ ಅಂಥ ವ್ಯತ್ಯಾಸ ಕಾಣದೇ ಇರಬಹುದು. ಎಕ್ಸ್‌ಪೈರಿ ಡಬ್ಬ ತೆಗೆಸಿ ನೋಡುವುದನ್ನು ಮಾತ್ರ ಬಿಡಬೇಡಿ. ಮಾಲೀಕರು ಒಪ್ಪಬೇಕಾದರೆ ತಿಂಗಳ ಕೊನೆ, ಜಿಎಸ್‌ಟಿ ಗಡಿಬಿಡಿಯ ದಿನ ಬಿಟ್ಟು ಹೋಗಿ.